ಸೊಸೆ ಕೇಳದ ಪ್ರಶ್ನೆ

"ಅಮ್ಮನ ರಕ್ತ ನೋಡಿದ್ದು ನೀನೇ ತಾನೆ? ಮಲೇರಿಯಾ ಅಂದೆ. ಮತ್ಯಾಕೆ ಜ್ವರ ಇಳೀತಿಲ್ಲ?"

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಾಗ ಅವಳು ಒಲೆ ಆರಿಸಿದಳು. ಒಳಕೋಣೆಯಲ್ಲಿ ಅತ್ತೆ ನರಳುತ್ತಿದ್ದರು.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವ, ಒಮ್ಮೊಮ್ಮೆ ಶವಪರೀಕ್ಷೆಯನ್ನೂ ಮಾಡುವ ಡಾಕ್ಟರು ಅವಳು. ಮಗಳ ಮನೆಗೆಂದು ದೂರದೇಶಕ್ಕೆ ಹೋಗಿಬಂದ ಅತ್ತೆ ಚಳಿಜ್ವರದಿಂದ ಮಲಗಿದಾಗ, ಅವರ ರಕ್ತದ ಕೆಂಪುಕಣಗಳಲ್ಲಿ ಸಣ್ಣ ಉಂಗುರಗಳು ಕಂಡಿದ್ದವು. ಮಲೇರಿಯಾ ಎಂದು ಬರೆದು ಕೈತೊಳೆದುಕೊಂಡಿದ್ದಳು. ಬೇರೆ ಯಾರೇ ಆಗಿದ್ದರೂ ಎಲ್ಲೆಲ್ಲಿ ತಿರುಗಿದಿರಿ, ಏನು ಕಚ್ಚಿತು ಎಂದು ಕೆದಕಿ ಕೆದಕಿ ಕೇಳುತ್ತಿದ್ದಳು. ಆದರೆ "ಹೆಣ ಕುಯ್ಯೋಳು ಸೊಸೆಯಾಗಿ ಬಂದ್ಲು" ಎಂದು ಅತ್ತೆ ನೆಂಟರೆದುರು ಆಡಿದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ...

ಅಂದೇ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದರು. ಅವಳು ನೇರ ಪ್ರಯೋಗಾಲಯಕ್ಕೆ ಹೋಗಿ ಗಾಜಿನ ಮೇಲಿನ ಅದೇ ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದಳು. ಮಲೇರಿಯಾದ ಕಂದುಬಣ್ಣದ ಚುಕ್ಕಿ ಎಲ್ಲೂ ಇಲ್ಲ. ಒಂದು ಕಣದೊಳಗೆ ನಾಲ್ಕು ಜೀವಿಗಳು ಶಿಲುಬೆಯಾಕಾರದಲ್ಲಿ ಕೂಡಿಕೊಂಡಿದ್ದವು. ಬಬೇಸಿಯಾ! ಉಣ್ಣಿ ಕಚ್ಚಿ ಬರುವ ರೋಗ.

ವಾರ್ಡಿಗೆ ಓಡಿದಳು. ಅತ್ತೆಯ ಕಣ್ಣು ಅರಿಸಿನದಂತಾಗಿತ್ತು.

"ಅತ್ತೆ, ಅಲ್ಲಿ ಉಣ್ಣಿ ಏನಾದ್ರೂ ಕಚ್ಚಿತ್ತಾ?"

"ಮೊಮ್ಮಗು ಜೊತೆ ಹುಲ್ಲಲ್ಲಿ ಕೂತಿದ್ದಾಗ ತೊಡೇಲಿ ಒಂದು ಕಚ್ಕೊಂಡಿತ್ತು. ಕಿತ್ತು ಬಿಸಾಕ್ದೆ."

"ಹೊಟ್ಟೆ ಮೇಲೆ ಇದೇನು ಗಾಯದ ಗುರುತು?"

"ಹಿಂದೆ ಅಪಘಾತ ಆದಾಗ ಗುಲ್ಮ ತೆಗೆದಿದ್ರು. ನೀನ್ ಯಾವತ್ತು ಕೇಳ್ದೆ?"

ಸೋಂಕು ತಗುಲಿದ ರಕ್ತಕಣಗಳನ್ನು ಸೋಸುವ ಗುಲ್ಮವಿಲ್ಲದ ಮೈಯಲ್ಲಿ ಈ ರೋಗ ಕಾಳ್ಗಿಚ್ಚು. ಔಷಧ ಬದಲಾಯಿತು, ರಕ್ತವನ್ನೇ ಬದಲಿಸಿದರು. ಜೀವ ಉಳಿಯಿತು, ತಡವಾಗಿದ್ದರಿಂದ ಮೂತ್ರಪಿಂಡಗಳು ಉಳಿಯಲಿಲ್ಲ. ಇನ್ನು ಬದುಕಿರುವಷ್ಟು ದಿನವೂ ಡಯಾಲಿಸಿಸ್.

ಮಗ ಹಾಸಿಗೆಯ ಪಕ್ಕ ಕುಸಿದಾಗ ಅತ್ತೆ ಮೆಲ್ಲಗೆ ಹೇಳಿದರು: "ಉಣ್ಣಿ ವಿಷ್ಯ ನಾನೇ ಮುಚ್ಚಿಟ್ಟೆ ಕಣೋ. ಅವಳನ್ನೇನೂ ಅನ್ಬೇಡ."

ಸೊಸೆ ಸುಮ್ಮನಿದ್ದರೆ ಸಾಕಿತ್ತು. ಆಗಲಿಲ್ಲ.

"ಅವರೇನೂ ಮುಚ್ಚಿಡ್ಲಿಲ್ಲ. ನಾನೇ ಕೇಳ್ಲಿಲ್ಲ. ಸಿಟ್ಟಿತ್ತು... ಅದಕ್ಕೆ ಕೇಳ್ಲಿಲ್ಲ."

ಗಂಡ ಅವಳ ಮುಖವನ್ನೂ ನೋಡದೆ ಹೊರಗೆ ನಡೆದ.

ಅವಳು ಅತ್ತೆಯ ಪಾದದ ಮೇಲೆ ಹಣೆಯಿಟ್ಟು ಬಿಕ್ಕಿದಳು. "ನನ್ನ ಕ್ಷಮಿಸಿ ಅತ್ತೆ..."

ಅತ್ತೆ ಸೂಜಿ ಚುಚ್ಚಿದ ಕೈಯನ್ನು ಕಷ್ಟಪಟ್ಟು ಎತ್ತಿ ಸೊಸೆಯ ತಲೆಯ ಮೇಲಿಟ್ಟರು.

"ಅಷ್ಟು ಬೇಗ ಆಗಲ್ಲ ಕಣೇ. ನಾನಾಡಿದ್ದನ್ನ ನೀನೂ ಮರೀಬೇಕಲ್ಲ... ಡಯಾಲಿಸಿಸ್‌ಗೆ ನೀನೇ ಕರ್ಕೊಂಡ್ ಹೋಗು. ದಾರೀಲಿ ಮಾತಾಡ್ಕೊಂಡ್ ಹೋಗೋಣ."