ಹದಿನೈದು ದಿನದ ಬಾಡಿಗೆದಾರ

"ಯಾರದು? ಒಳಗೆ ಬರ್ಬೇಡಿ!"

ಮೈಮೂನಾ ಸ್ಟೂಲಿನ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹೊಸ ಕಿಟಕಿ ಪರದೆ. ತಲೆಯ ಮೇಲಿನ ಶಾಲು ಯಾವಾಗಲೋ ಜಾರಿ ನೆಲಕ್ಕೆ ಬಿದ್ದಿತ್ತು.

ಬಾಗಿಲಲ್ಲಿ ನಿಂತಿದ್ದ ಗಂಡಸಿಗೆ ಮೂವತ್ತು ದಾಟಿರಬೇಕು. ಹೆಗಲ ಮೇಲೆ ತಗಡಿನ ಪೆಟ್ಟಿಗೆ. ಅಂಗಿಯ ತೋಳಿನ ತುಂಬ ಒಣಗಿದ ಸಿಮೆಂಟು.

"ಇದು ಆದಂ ಕುಂಞಿಯವರ ಮನೆಯಲ್ವಾ? ಹದಿನೈದು ದಿನಕ್ಕೆ ಬಾಡಿಗೆಗೆ ಅಂತ ಕಂಟ್ರಾಕ್ಟರು ಹೇಳಿದ್ರು..."

"ಅದು ನಾಳೆಯಿಂದ! ಇವತ್ತಲ್ಲ. ಇಲ್ಲಿ ಇನ್ನೂ ಎಂತದೂ ಆಗ್ಲಿಲ್ಲ."

ಹೇಳುತ್ತಿದ್ದ ಹಾಗೆಯೇ ಸ್ಟೂಲು ಅಲುಗಾಡಿತು. ಅವನು ಪೆಟ್ಟಿಗೆ ಇಳಿಸಿ ಎರಡೇ ಹೆಜ್ಜೆಗೆ ಬಂದು ಸ್ಟೂಲಿನ ಕಾಲನ್ನು ಗಟ್ಟಿಯಾಗಿ ಹಿಡಿದ. ಮುಖವನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದ.

"ಮೊದಲು ಇಳಿಯಿರಿ. ಈ ಸ್ಟೂಲಿಗೆ ಒಂದು ಕಾಲು ಗಿಡ್ಡ ಉಂಟು."

ಅವಳು ಇಳಿದಳು, ಶಾಲು ಎತ್ತಿಕೊಂಡಳು. ಎದೆ ಹೊಡೆದುಕೊಳ್ಳುತ್ತಿತ್ತು. ಬೀಳುವ ಭಯಕ್ಕೋ, ಅಪರಿಚಿತ ಗಂಡಸಿನ ಎದುರು ಬರಿತಲೆಯಲ್ಲಿ ನಿಂತ ನಾಚಿಕೆಗೋ ಅವಳಿಗೇ ಗೊತ್ತಾಗಲಿಲ್ಲ.

ಅವನು ಇನ್ನೂ ಗೋಡೆಯನ್ನೇ ನೋಡುತ್ತಿದ್ದ. "ನಾಳೆ ಬರ್ತೇನೆ" ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ಅವನ ಹೆಸರು ಹೈದರ್. ಆ ರಾತ್ರಿ ಅವನು ಕಬಕದ ಮಸೀದಿಯ ಜಗಲಿಯಲ್ಲಿ ಮಲಗಿದನೆಂಬುದು ಅವಳಿಗೆ ತಿಳಿದದ್ದು ಮಾರನೆಯ ದಿನ, ತಾಯಿ ಕದೀಜಮ್ಮನ ಬಾಯಿಂದ.

"ಒಂದು ಚಾ ಆದ್ರೂ ಕೊಡ್ಬಾರ್ದಿತ್ತಾ ಮೈಮು?" ಎಂದರು ಉಮ್ಮ.

ಮೈಮೂನಾ ಪೊರಕೆ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಬಂದ ಮೊದಲ ದಿನವೇ ಅತಿಥಿಯನ್ನು ಹೊರಗೆ ಹಾಕಿದ ಹಾಗಾಯಿತಲ್ಲ... ಆ ಯೋಚನೆ ಅವಳನ್ನು ಚುಚ್ಚುತ್ತಲೇ ಇತ್ತು.

ಅದು ೧೯೮೨ರ ಬೇಸಿಗೆ.

ಮನೆ ಮೈಮೂನಾಳ ಅಣ್ಣ ಆದಂ ಕುಂಞಿಯದು. ದುಬೈಯ ದುಡಿಮೆಯಲ್ಲಿ ಕಟ್ಟಿಸಿದ ತಾರಸಿ ಮನೆ. ಅವನು ಬರುವುದು ಎರಡು ವರ್ಷಕ್ಕೊಮ್ಮೆ. ತಾಯಿ, ಮಗಳು ಅದರ ಹಿಂದಿನ ಹಳೆಯ ಹಂಚಿನ ಮನೆಯಲ್ಲೇ ಇದ್ದರು. ಹೊಸ ಮನೆಯನ್ನು ಹತ್ತು ದಿನಕ್ಕೆ, ಹದಿನೈದು ದಿನಕ್ಕೆ ಅಂತ ಪುತ್ತೂರಿನ ಕಡೆ ಕೆಲಸಕ್ಕೆ ಬರುವವರಿಗೆ ಕೊಡುವುದು ಮೈಮೂನಾಳದೇ ಯೋಚನೆ. ಖಾಲಿ ಬಿಟ್ಟರೆ ಮನೆ ಹಾಳಾಗುತ್ತದೆ ಎಂದು ಅಣ್ಣನೂ ಒಪ್ಪಿದ್ದ.

ಬಂದವರನ್ನೆಲ್ಲ ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಬ್ಯಾಂಕಿನ ಇನ್ಸ್‌ಪೆಕ್ಟರಿಗೆ ಗಡ್ಡ ಹೆರೆಯಲು ಕನ್ನಡಿ ಕಿಟಕಿಯ ಹತ್ತಿರ ಬೇಕಿತ್ತು. ಲಸಿಕೆ ಹಾಕಲು ಬಂದ ಡಾಕ್ಟರಮ್ಮನಿಗೆ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕಿತ್ತು. ಒಬ್ಬ ಭಟ್ಟರಿಗಾಗಿ ಅವಳು ಹೊಸ ಪಾತ್ರೆ, ಹೊಸ ಸ್ಟವ್ ತರಿಸಿ, ತಾನು ಅಡುಗೆಕೋಣೆಗೆ ಕಾಲೇ ಇಟ್ಟಿರಲಿಲ್ಲ. ಹೋಗುವಾಗ ಅವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ನಮ್ಮ ಮನೆಯ ಹಾಗೇ ಇತ್ತು."

ಆ ಒಂದು ಮಾತಿಗಾಗಿ ಅವಳು ನೆಲವನ್ನು ಮೂರು ಸಲ ಒರೆಸುತ್ತಿದ್ದಳು!

ಯಾಕೆಂದರೆ ಮೂರು ವರ್ಷದ ಹಿಂದೆ ಅವಳ ಗಂಡ ಅವಳನ್ನು ತವರಿಗೆ ಬಿಟ್ಟು ಹೋಗುವಾಗ, ಅಂಗಳದಲ್ಲಿ ನೆರೆಯವರು ಕೇಳುವ ಹಾಗೆ ಒಂದು ಮಾತು ಹೇಳಿದ್ದ. "ಇವಳಿಗೆ ಮನೆ ನಡೆಸ್ಲಿಕ್ಕೆ ಬರುದಿಲ್ಲ."

ಆಮೇಲೆ ತಲಾಖ್ ಆಯಿತು. ಆ ಮಾತು ಮಾತ್ರ ಅಂಗಳದಿಂದ ಹೋಗಲೇ ಇಲ್ಲ.

ಹೈದರ್ ಸೇತುವೆ ಕೆಲಸದ ಸೂಪರ್‌ವೈಸರ್. ವಿಟ್ಲ ರಸ್ತೆಯ ತೋಡಿಗೆ ಕಟ್ಟುತ್ತಿದ್ದ ಸಣ್ಣ ಸೇತುವೆಯದು. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆಯೇ ಬರುವುದು.

ಅವನು ಇಲ್ಲದಾಗ ಮೈಮೂನಾ ಉಮ್ಮನ ಜೊತೆ ಹೋಗಿ ಮನೆ ಗುಡಿಸುತ್ತಿದ್ದಳು. ಮೊದಲ ದಿನ ನೋಡಿದರೆ, ಮಂಚದ ಮೇಲೆ ಅವಳು ಹಾಸಿದ್ದ ಬಿಳಿ ಹೊದಿಕೆ ಹಾಸಿದ ಹಾಗೇ ಇತ್ತು. ಒಂದು ಸುಕ್ಕಿಲ್ಲ. ಹೊಸ ಸೋಪು ಒಣಗಿತ್ತು. ಅಣ್ಣ ತಂದಿದ್ದ ಫ್ಲಾಸ್ಕು ಮುಟ್ಟಿದ ಗುರುತಿಲ್ಲ.

ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ...

ಅವಳು ದಿಂಬಿನ ಚೀಲ ಬದಲಾಯಿಸಿದಳು, ಹೂ ಹೊಲಿದದ್ದನ್ನು ಹಾಕಿದಳು. ಮೇಜಿನ ಮೇಲೆ ಪ್ಲಾಸ್ಟಿಕ್ ಗುಲಾಬಿ ಇಟ್ಟಳು. ಟೇಬಲ್ ಫ್ಯಾನನ್ನು ಮಂಚದ ಕಡೆಗೆ ತಿರುಗಿಸಿದಳು. ಉಮ್ಮನ ಕೈಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿಸಾರು ಕಳುಹಿಸಿದಳು. ಬಟ್ಟಲು ತೊಳೆದು ವಾಪಸು ಬಂತು. ಹೊದಿಕೆ ಮಾತ್ರ ಹಾಸಿದ ಹಾಗೇ ಉಳಿಯಿತು.

ಶುಕ್ರವಾರ ಬಾಗಿಲ ಹಿಂದೆ ಗುಡಿಸುವಾಗ ಅವಳ ಕೈಗೆ ಏನೋ ತಗಲಿತು. ಎಳೆದು ನೋಡಿದರೆ, ಮಡಚಿಟ್ಟ ನಾಲ್ಕು ಸಿಮೆಂಟು ಗೋಣಿ!

ಅಂದರೆ... ಇಷ್ಟು ದಿನ ಅವನು ಮಲಗಿದ್ದು ಇದರ ಮೇಲೆ? ನೆಲದಲ್ಲಿ?

ಉಮ್ಮ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಜುಮಾ ನಮಾಜಿಗೆ ಮೊದಲು ಸ್ನಾನಕ್ಕೆಂದು ಹೈದರ್ ಆ ಹೊತ್ತಿಗೇ ಬಂದ. ಗೋಣಿ ಹಿಡಿದು ನಿಂತ ಅವಳನ್ನು ಕಂಡು ಮೆಟ್ಟಿಲಲ್ಲೇ ನಿಂತುಬಿಟ್ಟ.

"ಇದೆಂತ?" ಮೈಮೂನಾ ಗೋಣಿಯನ್ನು ಮುಂದೆ ಚಾಚಿದಳು.

"ಅದು... ಮಲಗ್ಲಿಕ್ಕೆ."

"ಮಂಚಕ್ಕೆ ಎಂತ ಆಗಿದೆ? ನನ್ನ ಕೈಯಲ್ಲಿ ಹಾಸಿದ್ದು ಅಂತಲಾ? ನಿಮಗೂ ಯಾರೋ ಹೇಳಿದ್ರು ಅಲ್ವಾ?"

"ಎಂತ ಹೇಳಿದ್ರು?"

"ಗಂಡ ಬಿಟ್ಟವಳು ಅಂತ! ಮನೆ ನಡೆಸ್ಲಿಕ್ಕೆ ಬಾರದವಳು ಅಂತ!"

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಮೂರು ವರ್ಷದಲ್ಲಿ ಆ ಮಾತನ್ನು ಅವಳು ತನ್ನ ಬಾಯಿಂದ ಆಡಿದ್ದು ಇದೇ ಮೊದಲು.

ಹೈದರ್ ಮೆಟ್ಟಿಲು ಹತ್ತಿ ಬಂದ. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದ. ಗೆರೆಗಳ ತುಂಬ ಬೂದುಬಣ್ಣ.

"ಇದು ಎಷ್ಟು ತೊಳೆದ್ರೂ ಹೋಗುದಿಲ್ಲ. ನಾನು ಹೆತ್ತವರಿಲ್ಲದೆ ಯತೀಂಖಾನೆಯಲ್ಲಿ ಬೆಳೆದವ. ಅಲ್ಲಿಂದ ಹೋದ್ದು ಕೆಲಸದವರ ಶೆಡ್ಡಿಗೆ. ಹದಿನಾರು ವರ್ಷ ಆಯ್ತು. ಎಲ್ಲಿ ಸೇತುವೆಯೋ ಅಲ್ಲಿ ಶೆಡ್ಡು. ಈ ಸಲ ಕೆಲಸದವರು ಜಾಸ್ತಿ, ಜಾಗ ಇಲ್ಲ ಅಂತ ಮನೆ ಮಾಡಿ ಕೊಟ್ಟರು."

"ಅದಕ್ಕೆ?"

"ಇಷ್ಟು ಬಿಳಿ ಬಟ್ಟೆ ನಾನು ಸತ್ತವರ ಮಯ್ಯತ್ತಿಗೆ ಹೊದಿಸುವಾಗ ಮಾತ್ರ ನೋಡಿದ್ದು. ಅದರ ಮೇಲೆ ಮಲಗ್ಲಿಕ್ಕೆ... ಧೈರ್ಯ ಬರ್ಲಿಲ್ಲ."

ಅವನು ನಗಲು ಪ್ರಯತ್ನಿಸಿದ. ಆಗಲಿಲ್ಲ.

"ನಿಮ್ಮ ವಿಷಯ ನನಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೂ ನಾನು ನಂಬ್ತಿರ್ಲಿಲ್ಲ. ದಿನಾ ಸಂಜೆ ಬಾಗಿಲು ತೆಗೆದ ಕೂಡಲೇ ನಾನು ಸ್ವಲ್ಪ ಹೊತ್ತು ಹೊರಗೇ ನಿಲ್ಲುದು. ಸುಮ್ಮನೆ ನೋಡ್ಲಿಕ್ಕೆ."

ಮೈಮೂನಾ ಗೋಣಿಗಳನ್ನು ಕೆಳಗಿಟ್ಟು ಹಿಂದಿನ ಬಾಗಿಲಿನಿಂದ ಹೊರಟುಹೋದಳು. ಬಾವಿಕಟ್ಟೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಕದೀಜಮ್ಮ ಹಿಂಡಿದ ಬಟ್ಟೆಯೊಂದನ್ನು ಅವಳ ಕೈಗೆ ಕೊಟ್ಟರು.

ಮಾರನೆಯ ದಿನ ಬಿಳಿ ಹೊದಿಕೆ ಕಪಾಟು ಸೇರಿತು. ಅದರ ಜಾಗಕ್ಕೆ ನೂರು ಸಲ ಒಗೆದು ಮೆತ್ತಗಾದ ನೀಲಿ ಚೌಕುಳಿಯ ಹೊದಿಕೆ ಬಂತು. ಪ್ಲಾಸ್ಟಿಕ್ ಗುಲಾಬಿಯನ್ನು ತೆಗೆದಳು. ಸಿಮೆಂಟಿನ ಅಂಗಿ ತೂಗುಹಾಕಲು ಹೊರಗೋಡೆಗೆ ಒಂದು ಮೊಳೆ ಹೊಡೆದಳು. ಕೆಳಗೆ ಒಂದು ಬಕೆಟು ನೀರಿಟ್ಟಳು.

ಆದಿತ್ಯವಾರ ಬೆಳಿಗ್ಗೆ ಒಳಗೆ ಹೋಗಿ ನೋಡಿದರೆ ನೀಲಿ ಹೊದಿಕೆ ಪೂರ್ತಿ ಮುದುಡಿಹೋಗಿತ್ತು! ದಿಂಬಿನ ನಡುವೆ ತಲೆಯಿಟ್ಟ ಕುಳಿ.

ಮೈಮೂನಾ ಅದನ್ನು ಸರಿ ಮಾಡಲು ಕೈ ಚಾಚಿದಳು. ಮಾಡಲಿಲ್ಲ. ಬಾಗಿಲು ಎಳೆದುಕೊಂಡು ಬಂದಳು. ಅಡುಗೆ ಮಾಡುವಾಗ ಕಾರಣವಿಲ್ಲದೆ ನಗು ಬರುತ್ತಿತ್ತು.

ಹದಿನೈದು ದಿನ ತಿಂಗಳಾಯಿತು. ಸೇತುವೆಯ ಕೆಲಸ ಮುಗಿದಿರಲಿಲ್ಲ.

ಮಾತು ಹೆಚ್ಚಿರಲಿಲ್ಲ. ಸಂಜೆ ಉಮ್ಮ ಜಗಲಿಯಲ್ಲಿ ಕೂತು ಚಾ ಕೊಡುವಾಗ ಮೈಮೂನಾ ಒಳಗಿನಿಂದ ಕೇಳುತ್ತಿದ್ದಳು. "ಚಾ ಸರಿ ಉಂಟಾ?"

"ಉಂಟು."

ಪ್ರತಿದಿನ ಅದೇ. ಒಂದು ದಿನ ಮಾತ್ರ ಅವನು ಸ್ವಲ್ಪ ತಡೆದು ಹೇಳಿದ. "ಒಂದು ಹೇಳ್ಲಾ? ಸಕ್ಕರೆ ಜಾಸ್ತಿ."

ಒಳಗೆ ಚಮಚದ ಸದ್ದು ನಿಂತಿತು. ಆಮೇಲೆ ಜೋರಾಗಿ ನಗು! ಕದೀಜಮ್ಮ ತಿರುಗಿ ನೋಡಿದರು. ಮಗಳು ಹೀಗೆ ನಕ್ಕದ್ದನ್ನು ಅವರು ಕೇಳಿ ಎಷ್ಟೋ ಕಾಲವಾಗಿತ್ತು.

ಹಿಂಬದಿಯ ಮೆಟ್ಟಿಲು ಸವೆದು ಉಮ್ಮ ಎರಡು ಸಲ ಜಾರಿದ್ದರು. ಒಂದು ರಜೆಯ ದಿನ ಹೈದರ್ ಕೂತು ಅದಕ್ಕೆ ಹೊಸದಾಗಿ ಸಿಮೆಂಟು ಹಾಕಿಕೊಟ್ಟ. ಯಾರೂ ಕೇಳಿರಲಿಲ್ಲ.

ಆ ವಾರವೇ ದುಬೈಯಿಂದ ಅಣ್ಣನ ಕಾಗದ ಬಂತು.

ಸುಳ್ಯದಲ್ಲಿ ಬಟ್ಟೆ ಅಂಗಡಿಯಿರುವ ಮೂಸಕುಂಞಿ ಎನ್ನುವವರು. ಹೆಂಡತಿ ತೀರಿಕೊಂಡು ವರ್ಷವಾಗಿದೆ. ಒಳ್ಳೆಯ ಕುಟುಂಬ. ಮೈಮೂನಾಳನ್ನು ನೋಡಲು ಬರುತ್ತಾರೆ, ಎರಡು ದಿನ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಮನೆ ಖಾಲಿ ಮಾಡಿಸಿ ಚೆನ್ನಾಗಿ ತಯಾರು ಮಾಡಿ ಇಡಿ...

ಮೈಮೂನಾ ಕಾಗದವನ್ನು ಎರಡು ಸಲ ಓದಿದಳು. ಅವಳ ಒಪ್ಪಿಗೆ ಕೇಳುವ ಸಾಲು ಅದರಲ್ಲಿ ಇರಲಿಲ್ಲ.

ಹೈದರನಿಗೆ ವಿಷಯ ಹೇಳಿದ್ದು ಕದೀಜಮ್ಮ. "ಶನಿವಾರಕ್ಕೆ ಮನೆ ಬೇಕಿತ್ತು ಮಗಾ. ಮೈಮುವನ್ನು ನೋಡ್ಲಿಕ್ಕೆ ಸುಳ್ಯದಿಂದ ಜನ ಬರ್ತಾರೆ."

ಅವನ ಕೈಯ ಲೋಟ ಅಲ್ಲೇ ನಿಂತಿತು. "ನಿಮ್ಮ ಮಗಳಿಗೆ... ಒಪ್ಪಿಗೆ ಉಂಟಾ?"

"ಇಲ್ಲದೆ ಎಂತ? ಆಗಲೇ ಪರದೆ ಒಗೆಯುತ್ತಾ ಇದ್ದಾಳೆ."

ಸಂಜೆಯೊಳಗೆ ಅವನು ಪೆಟ್ಟಿಗೆ ಎತ್ತಿಕೊಂಡು ಸೇತುವೆಯ ಹತ್ತಿರದ ಶೆಡ್ಡಿಗೆ ಹೋದ. ಕೀಲಿಕೈಯನ್ನು ಉಮ್ಮನ ಕೈಗೆ ಕೊಟ್ಟಿದ್ದ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಒಂದೇ ಒಂದು ಮಾತು! ಮೈಮೂನಾ ಕಿಟಕಿಯ ಸರಳು ಹಿಡಿದು ನಿಂತಳು. ನನ್ನನ್ನು ನೋಡಲು ಯಾರೋ ಬರುತ್ತಾರೆ ಎಂದ ಕೂಡಲೇ ಎದ್ದು ಹೋದನಲ್ಲ. ಅಷ್ಟೇ ಇದ್ದದ್ದು ಹಾಗಾದರೆ. ಬಾಡಿಗೆಗೆ ಬಂದವನು, ಬಾಡಿಗೆ ಮುಗಿಯಿತು, ಹೋದ...

ಅವಳು ಕಣ್ಣೊರೆಸಿಕೊಂಡು ಕೆಲಸಕ್ಕೆ ಇಳಿದಳು. ಬಿಳಿ ಹೊದಿಕೆ ಮತ್ತೆ ಹೊರಗೆ ಬಂತು. ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದಳು. ಕಪಾಟಿನ ಮೇಲಿನ ಹಲಗೆಯನ್ನೂ ಒರೆಸಿದಳು.

ಶನಿವಾರ ಬಂದವರು ಕೆಟ್ಟವರೇನೂ ಅಲ್ಲ. ಮೂಸಕುಂಞಿ ಮೆದು ಮಾತಿನ ಮನುಷ್ಯ, ತಲೆ ತಗ್ಗಿಸಿಯೇ ಕೂತಿದ್ದರು. ನೋಡಿದ್ದೆಲ್ಲ ಅವರ ಅಕ್ಕ ನಫೀಸಮ್ಮ. ಅಡುಗೆಕೋಣೆ, ಬಚ್ಚಲು, ಮಂಚ, ಎಲ್ಲ ಕಡೆ ಹೋಗಿ ಬಂದರು. ಕಪಾಟಿನ ಮೇಲಿನ ಹಲಗೆಯಲ್ಲಿ ಬೆರಳಾಡಿಸಿ ನೋಡಿದರು. ಬೆರಳಿಗೆ ಧೂಳು ಹತ್ತಲಿಲ್ಲ.

"ಮಾಶಾ ಅಲ್ಲಾಹ್! ಇಂಥ ಕೈ ನಾನು ನೋಡಿಲ್ಲ ಕದೀಜಮ್ಮ. ನಮ್ಮಲ್ಲಿ ಹನ್ನೊಂದು ಜನ. ಮನೆ ನಡೆಸ್ಲಿಕ್ಕೆ ಹೀಗೆ ಗೊತ್ತಿರುವವಳೇ ಬೇಕಿತ್ತು."

ಮೂರು ವರ್ಷದಿಂದ ಮೈಮೂನಾ ಕಾದಿದ್ದ ಮಾತು. ಅದೇ ಅಂಗಳದ ಮನೆಯಲ್ಲಿ, ನೆರೆಯವರಿಗೂ ಕೇಳುವ ಹಾಗೆ!

ಅವಳು ಸಂತೋಷಕ್ಕಾಗಿ ಕಾದಳು. ಬರಲಿಲ್ಲ.

ನಫೀಸಮ್ಮ ಮನೆಯ ಹನ್ನೊಂದು ಜನರ ಊಟ ತಿಂಡಿಯ ವಿಷಯ ಹೇಳುತ್ತಿದ್ದರು. ಮೈಮೂನಾಳಿಗೆ ಕೇಳಿಸುತ್ತಿದ್ದದ್ದು ಬೇರೊಂದು ಧ್ವನಿ. ಸಕ್ಕರೆ ಜಾಸ್ತಿ...

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನೀವು ಇಷ್ಟು ದೂರದಿಂದ ಬಂದ್ರಿ. ಎರಡು ದಿನ ನಮ್ಮ ಅತಿಥಿಗಳಾಗಿ ಇರಿ, ನಿಮಗೆ ಎಂತದೂ ಕಡಿಮೆ ಆಗುದಿಲ್ಲ. ಆದ್ರೆ ಈ ಸಂಬಂಧ ನನಗೆ ಬೇಡ. ತಪ್ಪು ತಿಳ್ಕೊಳ್ಬೇಡಿ."

ಕದೀಜಮ್ಮನ ಮುಖ ಬಿಳಿಚಿತು. ನಫೀಸಮ್ಮ ಬಾಯಿ ತೆರೆದರು. ಅವರ ತಮ್ಮನೇ ಕೈಯೆತ್ತಿ ತಡೆದರು. "ಬೇಡ ಅಂದ್ರಲ್ಲ ಅಕ್ಕ. ಆಯ್ತು."

ಅವರು ಮಧ್ಯಾಹ್ನದ ಬಸ್ಸಿಗೇ ಹೊರಟರು.

"ಎಂತ ಮಾಡಿದೆ ನೀನು!" ಉಮ್ಮ ಜಗಲಿಯಲ್ಲಿ ಕುಸಿದು ಕೂತರು. "ನಿನ್ನ ಅಣ್ಣನಿಗೆ ನಾನು ಎಂತ ಹೇಳುದು?"

"ನನಗೆ ಮನಸ್ಸಿಲ್ಲ ಅಂತ ಹೇಳಿ ಉಮ್ಮ. ನನ್ನನ್ನು ಯಾರು ಕೇಳಿದ್ರು? ಮೊದಲ ಮದುವೆಗೂ ಕೇಳ್ಲಿಲ್ಲ, ಈಗಲೂ ಕೇಳ್ಲಿಲ್ಲ."

ಕದೀಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಹೌದು. ಕೇಳ್ಲಿಲ್ಲ." ಅವರ ಧ್ವನಿ ಸಣ್ಣದಾಯಿತು. "ಅವನು ಕೇಳಿದ. ಹೈದರ್. ನಿನಗೆ ಒಪ್ಪಿಗೆ ಉಂಟಾ ಅಂತ. ನಾನೇ... ಉಂಟು ಅಂದೆ."

ಮೈಮೂನಾ ಎದ್ದು ನಿಂತಳು. "ಉಮ್ಮಾ...!"

"ಈಗ ನಾನು ಕೇಳ್ತೇನೆ. ನಿನಗೆ ಅವನು ಬೇಕಾ? ಮನೆ ಇಲ್ಲ, ಮನೆಯವರು ಇಲ್ಲ. ಯೋಚನೆ ಮಾಡಿ ಹೇಳು."

"ಬೇಕು."

ಯೋಚನೆ ಮಾಡುವಷ್ಟು ಹೊತ್ತೂ ಅವಳು ತೆಗೆದುಕೊಂಡಿರಲಿಲ್ಲ. ಕದೀಜಮ್ಮ ಚಪ್ಪಲಿ ಮೆಟ್ಟಿಕೊಂಡರು. "ಹಾಗಾದ್ರೆ ನಡಿ."

ಸೇತುವೆಯ ಹತ್ತಿರ ಆ ಹೊತ್ತಿಗೆ ಕೆಲಸ ನಿಂತಿತ್ತು. ಹೈದರ್ ಶೆಡ್ಡಿನ ಎದುರು ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆಯಿಟ್ಟು ಕೆಲಸದವರಿಗೆ ಗಂಜಿ ಬೇಯಿಸುತ್ತಿದ್ದ. ಇಬ್ಬರನ್ನೂ ಕಂಡು ಸೌಟು ಹಿಡಿದೇ ಎದ್ದು ನಿಂತ.

ಉಮ್ಮ ಸ್ವಲ್ಪ ದೂರದಲ್ಲಿ, ಜಲ್ಲಿರಾಶಿಯ ಪಕ್ಕದ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತರು.

"ಒಪ್ಪಿಗೆ ಇರ್ಲಿಲ್ಲ ನನಗೆ," ಎಂದಳು ಮೈಮೂನಾ. "ಕಳಿಸಿಬಿಟ್ಟೆ ಅವರನ್ನು."

ಅವನು ಅವಳನ್ನೇ ನೋಡಿದ. ಈ ಸಲ ಮುಖ ತಿರುಗಿಸಲಿಲ್ಲ.

"ನೀವು ಯಾಕೆ ಎಂತದೂ ಹೇಳದೆ ಬಂದದ್ದು?"

"ಎಂತ ಹೇಳುದು? ಅವರದ್ದು ಅಂಗಡಿ ಉಂಟು, ಮನೆ ಉಂಟು. ನನ್ನ ಹತ್ರ ಒಂದು ಪೆಟ್ಟಿಗೆ." ಅವನು ಸೌಟಿನಿಂದ ಶೆಡ್ಡಿನ ಕಡೆಗೆ ತೋರಿಸಿದ. "ಬರುವಾಗ ಕಾಲೇ ಬರ್ಲಿಲ್ಲ ಮೈಮೂನಾ. ಅಲ್ಲೇ ಇದ್ದುಬಿಡುವ ಅಂತ ಆಗಿತ್ತು. ಮನೆಗಾಗಿ ಅಲ್ಲ."

ಅವಳ ಕಣ್ಣು ತುಂಬಿತು. ಅವನ ಬಾಯಿಂದ ತನ್ನ ಹೆಸರು ಕೇಳಿದ್ದು ಇದೇ ಮೊದಲು!

"ಮುಂದಿನ ಕೆಲಸ ಕಾಣಿಯೂರಿನಲ್ಲಿ," ಎಂದ ಅವನು. "ಎರಡು ವರ್ಷ. ಅಲ್ಲಿ ಒಂದು ಕೋಣೆ ಸಿಗ್ತದೆ. ಒಂದೇ ಕೋಣೆ."

"ಸಾಕು."

"ನಾಳೆ ಮಸೀದಿಯ ಉಸ್ತಾದರನ್ನು ಕರ್ಕೊಂಡು ಬಂದು ಉಮ್ಮನ ಹತ್ರ ಕೇಳ್ಬಹುದಾ?"

"ನನ್ನ ಹತ್ರ ಮೊದಲು ಕೇಳಿ."

ಹೈದರನ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. "ಬರ್ತೀರಾ?"

"ಬರ್ತೇನೆ."

ಹಂಡೆಯಲ್ಲಿ ಗಂಜಿ ಉಕ್ಕಿತು. ಅವನು ಗಡಿಬಿಡಿಯಲ್ಲಿ ಕಟ್ಟಿಗೆ ಹಿಂದೆ ಎಳೆದ. ಅವಳು ಬಗ್ಗಿ ನೋಡಿದಳು.

"ಇದು ಎಷ್ಟು ಜನರಿಗೆ?"

"ನಲವತ್ತು."

"ಇಬ್ಬರಿಗೆ ಮಾಡ್ಲಿಕ್ಕೆ ಬರ್ತದಾ?"

ಹೈದರ್ ಸೌಟನ್ನು ಕೈಯಲ್ಲಿ ತಿರುಗಿಸುತ್ತಾ ಯೋಚಿಸಿದ. "ಇಲ್ಲ... ಇಬ್ಬರ ಅಳತೆ ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದಳು ಮೈಮೂನಾ. "ಕಲಿಯುವ."