ತೋಟ ಕಾಣದವಳ ಪೋರ್ಚುಗಲ್

"ಈ ಐಟಿನರಿ ಮಾಡಿದ ಮಹಾತಾಯಿ ಯಾರು?"

ಮಸ್ಕತ್ತಿನ ಬೌಷರ್‌ನ ಆ ಪುಟ್ಟ ಟ್ರಾವೆಲ್ ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನ ಅಬ್ಬರಕ್ಕೆ ಸೌಮ್ಯಶ್ರೀಯ ಕೈಯಲ್ಲಿದ್ದ ಸುಲೈಮಾನಿ ಚಹಾ ತುಳುಕಿ ಕೀಬೋರ್ಡಿನ ಮೇಲೆ ಬಿತ್ತು.

ಏರ್‌ಪೋರ್ಟ್ ಟ್ಯಾಗು ಇನ್ನೂ ಬಿಚ್ಚದ ಬ್ಯಾಗು. ನಿದ್ದೆಗೆಟ್ಟ ಕೆಂಪು ಕಣ್ಣು. ಹೊಸ ಟೂರ್ ಮ್ಯಾನೇಜರ್ ಅನೂಪ್! ಕೆಲಸಕ್ಕೆ ಸೇರಿದ ದಿನವೇ ಒಂದು ಒಮಾನಿ ಕುಟುಂಬವನ್ನು ಕರೆದುಕೊಂಡು ಪೋರ್ಚುಗಲ್‌ಗೆ ಹಾರಿದ್ದವನು. ಸೌಮ್ಯ ಅವನ ಮುಖ ನೋಡುತ್ತಿರುವುದು ಇದೇ ಮೊದಲು.

"ನಾ... ನಾನು."

"ಸಿಂತ್ರಾದಲ್ಲಿ ಒಂದೇ ದಿನ ಮೂರು ತೋಟ ಹಾಕಿದ್ದೀರಲ್ರೀ! ಪೇನಾ ಪಾರ್ಕ್ ಇರೋದು ಬೆಟ್ಟದ ನೆತ್ತಿ ಮೇಲೆ. ಗೊತ್ತಾ ನಿಮಗೆ?"

"ಮ್ಯಾಪಲ್ಲಿ ಹತ್ರ ಹತ್ರ ಇತ್ತು..."

"ಮ್ಯಾಪಲ್ಲಿ! ಆ ಮನೆ ಅಜ್ಜಿಗೆ ಮಂಡಿ ಆಪರೇಷನ್ ಆಗಿದೆ. ಅವರ ಮಗ ಒಂದ್ಕಡೆ, ನಾನೊಂದ್ಕಡೆ, ಕುರ್ಚಿ ಸಮೇತ ಎತ್ತಿಕೊಂಡು ಇಳಿಸಿದ್ದೀವಿ. ದಾರಿಯುದ್ದಕ್ಕೂ ಅಜ್ಜಿ ನನಗೆ ದುವಾ ಮಾಡ್ತಾ ಇದ್ರು. ನಿಮಗೇನು ಮಾಡಿದ್ರೋ ಗೊತ್ತಿಲ್ಲ!"

ಒಳಗಿನ ಕ್ಯಾಬಿನ್ನಿನಿಂದ ಮಾಲೀಕ ಉಮ್ಮರ್ ಇಣುಕಿದರು. "ಎಂತ ಮಾರಾಯ, ಬಂದ ಕೂಡಲೇ ಯುದ್ಧವಾ? ಮೊದಲು ಚಾ ಕುಡಿ."

ಅನೂಪ್ ಕೇಳಿಸಿಕೊಳ್ಳಲಿಲ್ಲ. "ಅಲ್ಲಿನ ಒಂದು ತೋಟನಾದ್ರೂ ಕಣ್ಣಾರೆ ನೋಡಿದ್ದೀರಾ ನೀವು?"

"ಇಲ್ಲ," ಅಂದಳು ಸೌಮ್ಯ. ಅಷ್ಟೇ. ಕಣ್ಣು ತುಂಬಿ ಬಂತು.

ಬೈಸಿಕೊಂಡದ್ದಕ್ಕಲ್ಲ. ಬೆಟ್ಟದ ದಾರಿಯಲ್ಲಿ ಕುರ್ಚಿಯ ಮೇಲೆ ಕುಳಿತು ಇಳಿದ, ತಾನು ನೋಡಿಯೇ ಇಲ್ಲದ ಆ ಮುದುಕಿಗಾಗಿ. ಅಜ್ಜಿಯಂದಿರು ಅಂದರೆ ಅವಳಿಗೆ ಹಾಗೆ! ಮಲ್ಪೆಯಲ್ಲಿ ತನ್ನಜ್ಜಿಯ ಸೊಂಟಕ್ಕೆ ಅಂಟಿಕೊಂಡೇ ಬೆಳೆದವಳು ಅವಳು. "ಉಂಡು ಮುಗಿಸದಿದ್ರೆ ಪರಂಗಿ ಹಡಗು ಬರ್ತದೆ ನೋಡು," ಎಂದು ಹೆದರಿಸಿ ತುತ್ತು ತಿನ್ನಿಸುತ್ತಿದ್ದ ಅಜ್ಜಿ. ಆ ಪರಂಗಿಗಳ ದೇಶದ ತೋಟಗಳನ್ನು ಮೊಮ್ಮಗಳು ಮಸ್ಕತ್ತಿನಲ್ಲಿ ಕೂತು ಮಾರುತ್ತಿದ್ದಾಳೆ ಅಂತ ತಿಳಿದರೆ ಅದೆಷ್ಟು ನಗುತ್ತಿದ್ದರೋ...

ಅಳುವ ಹುಡುಗಿಯ ಮುಂದೆ ಅನೂಪನ ಸಿಟ್ಟು ಪೆಚ್ಚಾಗಿ ನಿಂತಿತು.

"ಅಯ್ಯೋ... ಅಳಬೇಡ್ರೀ. ಮುಂದಿನ ಟ್ರಿಪ್ಪಲ್ಲಿ ಒಂದೊಂದು ತೋಟದಿಂದಲೂ ನಿಮಗೆ ವಾಯ್ಸ್ ಕಳಿಸ್ತೀನಿ. ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ಬಾತ್‌ರೂಮು. ನೀವು ಕೇಳಿಸ್ಕೊಂಡು ಪ್ಲ್ಯಾನ್ ಮಾಡಿ. ಆಯ್ತಾ?"

ಆಯಿತು.

ಮಸ್ಕತ್ತು ಕುದಿಯುವ ಬೇಸಿಗೆ. ಹಸಿರು ಹುಡುಕಿಕೊಂಡು ಯುರೋಪಿಗೆ ಹೊರಡುವ ಒಮಾನಿ ಕುಟುಂಬಗಳು ಒಂದರ ಹಿಂದೆ ಒಂದು. ಅನೂಪ್ ಅಲ್ಲಿ, ಸೌಮ್ಯ ಇಲ್ಲಿ.

"ಲಿಸ್ಬನ್, ಎಸ್ಟ್ರೆಲಾ ಗಾರ್ಡನ್. ಪೂರ್ತಿ ಸಮತಟ್ಟು, ಅಜ್ಜಿಯಂದಿರಿಗೆ ಹೇಳಿ ಮಾಡಿಸಿದ ಹಾಗಿದೆ. ಬ್ಯಾಂಡ್‌ನವರಿಗೆ ಅಂತ ಹಸಿರು ಕಬ್ಬಿಣದ ಮಂಟಪ. ಮಕ್ಕಳು ಬಾತುಕೋಳಿಗೆ ಬ್ರೆಡ್ ಹಾಕ್ತಾ ಇದ್ದಾವೆ."

"ಕೊಯಿಂಬ್ರಾದ ಬೊಟಾನಿಕಲ್ ಗಾರ್ಡನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ. ಕೆಳಗೆ ಬಿದಿರಿನ ಮೆಳೆ. ಗಾಳಿ ಬಂದ್ರೆ ಏನು ಸದ್ದು ಅಂತೀರಾ... ಇರಿ, ಕೇಳಿ."

ಸೌಮ್ಯ ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದಳು. ಹೊರಗೆ ಹೈವೇಯಲ್ಲಿ ಟ್ರಕ್ಕುಗಳು. ಒಳಗೆ ಎಸಿಯ ಗೊರಗೊರ. ಅವಳ ಕಿವಿಯೊಳಗೆ ಮಾತ್ರ ಬಿದಿರು ತೂಗುತ್ತಿತ್ತು.

ಯಾವಾಗ 'ರೀ' ಹೋಯಿತೋ, ಯಾವಾಗ ಏರು-ನೆರಳಿನ ಲೆಕ್ಕ ತಪ್ಪಿತೋ... ಇಬ್ಬರಿಗೂ ಗೊತ್ತಾಗಲಿಲ್ಲ.

"ಪೋರ್ಟೋ, ಕ್ರಿಸ್ಟಲ್ ಪ್ಯಾಲೇಸ್ ಗಾರ್ಡನ್. ನವಿಲು ನನ್ನ ಸ್ಯಾಂಡ್‌ವಿಚ್ ಕಿತ್ಕೊಂಡು ಹೋಯ್ತು, ನಗಬೇಡ. ಕೆಳಗೆ ನದಿ ಕಾಣುತ್ತೆ. ನಾನು ಕೂತಿರೋ ಬೆಂಚಲ್ಲಿ ಇನ್ನೊಬ್ರಿಗೆ ಜಾಗ ಇದೆ, ಸೌಮ್ಯ. ಆ ಜಾಗದಲ್ಲಿ ಬೇರೆ ಯಾರೂ ಕೂರೋದು ನಂಗಿಷ್ಟ ಇಲ್ಲ."

ಆ ವಾಯ್ಸನ್ನು ಅವಳು ಎಷ್ಟು ಸಲ ಕೇಳಿದಳೋ!

ಅವನು ಮರಳಿ ಬಂದ ವಾರವೇ ಧೈರ್ಯ ಮಾಡಿ ಚಿಕ್ಕಮ್ಮನಿಗೆ ಹೇಳಿದಳು. "ಆಫೀಸಿನವರೊಬ್ರನ್ನು ಶುಕ್ರವಾರ ಊಟಕ್ಕೆ ಕರೀಲಾ? ಒಬ್ಬರೇ ಇರುವುದು, ಪಾಪ."

ಪ್ರೀತಿಯ ಸುದ್ದಿ ಎತ್ತಲಿಲ್ಲ. ಮೊದಲು ನೋಡಲಿ, ಮೆಚ್ಚಲಿ, ಆಮೇಲೆ ಹೇಳೋಣ...

ಸೌಮ್ಯ ಇದ್ದದ್ದು ವಾದಿ ಕಬೀರ್‌ನಲ್ಲಿ, ಅಮ್ಮನ ತಂಗಿ ಕುಸುಮ ಚಿಕ್ಕಮ್ಮನ ಫ್ಲ್ಯಾಟಿನಲ್ಲಿ. ಕೆಳಗೆ ಗ್ಯಾರೇಜುಗಳು. ಮೇಲೆ ಆವತ್ತು ಕೋರಿ ರೊಟ್ಟಿಯ ಘಮ. ಅನೂಪ್ ಕೈಯಲ್ಲಿ ಹಲ್ವದ ಡಬ್ಬಿ ಹಿಡಿದು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದ.

"ಬಾ ಮಗ, ಕೂತ್ಕೊ. ಅನೂಪ್ ಎಂತ? ಊರು ಯಾವುದು?"

"ಹುಟ್ಟಿದ್ದು ಕಾರ್ಕಳದಲ್ಲಿ ಆಂಟಿ, ಬೆಳೆದಿದ್ದೆಲ್ಲ ಮೈಸೂರು. ಅಪ್ಪಂದು ಅಲ್ಲಿ ಹೋಟ್ಲು. ಅಮ್ಮ ನಾನು ಚಿಕ್ಕೋನಿದ್ದಾಗಲೇ..."

"ಛೆ ಛೆ! ಮತ್ತೆ ನಮ್ಮ ಕಡೆಯವನೇ ಅಂತ ಹೇಳು! ತುಳು ಬರ್ತದಾ?"

"ಬೈಗುಳ ಮಾತ್ರ."

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು. ಸೌಮ್ಯಳ ಎದೆ ಹಗುರಾಯಿತು. ಮೆಚ್ಚಿದರು! ಮೆಚ್ಚಿಯೇ ಬಿಟ್ಟರು!

"ಬರಿ ಯಾವುದು ಮಾರಾಯ ನಿಂದು?"

ತುಳುವರ ಮನೆಯಲ್ಲಿ ಈ ಪ್ರಶ್ನೆ ಊಟಕ್ಕೂ ಮೊದಲೇ ಬರುವುದು. ಬರಿ ಅಂದರೆ ವಂಶದ ಹೆಸರು. ಒಂದೇ ಬರಿಯವರು ಯಾವ ಊರಲ್ಲಿ ಹುಟ್ಟಿದರೂ ಅಣ್ಣ ತಂಗಿಯರು. ಅವರ ನಡುವೆ ಮದುವೆಯ ಮಾತೇ ಇಲ್ಲ.

"ಬಂಗೇರ," ಅಂದ ಅನೂಪ್, ಗೊತ್ತಿರುವ ಪ್ರಶ್ನೆ ಬಂತು ಎನ್ನುವ ಖುಷಿಯಲ್ಲಿ. "ಅನೂಪ್ ಬಂಗೇರ."

"ಅಯ್ಯೋ ದೇವರೇ! ನಮ್ಮದೂ ಬಂಗೇರವೇ!" ಚಿಕ್ಕಮ್ಮ ಎದ್ದು ನಿಂತೇ ಬಿಟ್ಟರು. "ಕೇಳಿದಿಯಾ ಸೌಮ್ಯ? ನಿನಗೆ ಒಡಹುಟ್ಟಿದವರಿಲ್ಲ ಅಂತ ಅಜ್ಜಿ ಯಾವಾಗಲೂ ಕೊರಗ್ತಿದ್ದರಲ್ಲ. ಸಿಕ್ಕಿದ ನೋಡು! ಎಂತ ನಿಂತದ್ದು? ಅಣ್ಣನಿಗೆ ಬಡಿಸು."

ಸೌಟು ಹಿಡಿದ ಕೈ ಅಲ್ಲೇ ನಿಂತಿತು.

ಅನೂಪ್ ನಗುತ್ತಿದ್ದ. ಕರಾವಳಿಯವರು ಎಲ್ಲರನ್ನೂ ಅಣ್ಣ, ಅಕ್ಕ ಅನ್ನುತ್ತಾರೆ ಅಂದುಕೊಂಡು ಸುಮ್ಮನೆ ತಟ್ಟೆ ಮುಂದೆ ಹಿಡಿದಿದ್ದ.

'ಒಂದು ಬರಿ ಅಂದ್ರೆ ಒಂದೇ ತಾಯಿಯ ಹಾಲು, ಮಗಾ...' ಅಜ್ಜಿಯ ದನಿ ಎಲ್ಲಿಂದಲೋ ಎದ್ದು ಬಂತು. ಒಂದೇ ಬರಿಯ ಹುಡುಗ ಹುಡುಗಿ ಕೈ ಹಿಡಿದಾಗ ಕಡಲು ದಡ ಬಿಟ್ಟು ಹಿಂದೆ ಸರಿಯಿತಂತೆ. ಬಲೆಗಳೆಲ್ಲ ಮರಳಲ್ಲಿ ಒಣಗಿದವಂತೆ. ಆ ಹಾಲು ಕೊಟ್ಟ ತಾಯಿ ದಡದಲ್ಲಿ ನಿಂತು ಇಬ್ಬರನ್ನೂ ಹೆಸರು ಹಿಡಿದು ಕರೆದಳಂತೆ...

ಸೌಮ್ಯ ಬಡಿಸಿದಳು. ಹೇಗೆ ಬಡಿಸಿದಳೋ, ದೇವರಿಗೇ ಗೊತ್ತು.

ಆಮೇಲೆ ಅವಳು ಅವನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ.

ಮುಂದಿನ ಟ್ರಿಪ್ಪಿನಲ್ಲಿ ಅನೂಪ್ ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಕ್ಕೆ ಹೋಗಿದ್ದ. "ಫುರ್ನಾಸಿನ ತೋಟ. ಇಲ್ಲಿ ಕೊಳದ ನೀರು ಬಿಸಿ, ಮಣ್ಣಿನ ಬಣ್ಣ. ಒಮಾನಿ ಹುಡುಗರು ಹೊರಗೆ ಬರ್ತಾನೇ ಇಲ್ಲ. ನೀನ್ಯಾಕೆ ಫೋನ್ ಎತ್ತಲ್ಲ?"

'ನೋಟೆಡ್. ಥ್ಯಾಂಕ್ಸ್.' ಅಷ್ಟೇ ಟೈಪ್ ಮಾಡಿದಳು.

"ಸೌಮ್ಯ, ನಾನೇನಾದ್ರೂ ತಪ್ಪು ಮಾಡಿದ್ನಾ?"

'ನೋಟೆಡ್.'

ಕೊನೆಯದು ಇಷ್ಟೇ: "ಮಳೆ ಬರ್ತಾ ಇದೆ. ಕಮೀಲಿಯಾ ಹೂವೆಲ್ಲ ಉದುರಿವೆ. ನಿಂಗೆ ಕೇಳಿಸ್ಬೇಕು ಅನ್ನಿಸ್ತು... ಬಿಡು."

ಕಂಬಳಿಯೊಳಗೆ ಮುಖ ಹುದುಗಿಸಿ ಆ ಮಳೆಯನ್ನು ಕೇಳಿದಳು. ಹೇಳಲೇ? ಹೇಗೆ ಹೇಳಲಿ? 'ನಾವು ಅಣ್ಣ ತಂಗಿ' ಎಂದು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ. ಹೇಳದಿದ್ದರೆ... ಹೇಳದಿದ್ದರೆ ಅವನು ದ್ವೇಷಿಸುತ್ತಾನೆ, ಅಷ್ಟೇ ತಾನೇ? ದ್ವೇಷಿಸಲಿ. ತಂಗಿ ಅನ್ನದಿದ್ದರೆ ಸಾಕು!

ಚಳಿಗಾಲ ಬಂತು. ಮುನಿಸಿಪಾಲಿಟಿಯವರು ರಸ್ತೆ ಬದಿಗೆಲ್ಲ ಪೆಟೂನಿಯಾ ಹೂಗಿಡ ನೆಟ್ಟರು. ಒಂದು ಬೆಳಗ್ಗೆ ಉಮ್ಮರ್ ಅವಳ ಟೇಬಲ್ಲಿನ ಹತ್ತಿರ ಬಂದು ನಿಂತರು.

"ನಿನಗೆ ಗೊತ್ತುಂಟಾ? ಅನೂಪ್ ಬಿಡ್ತಾನಂತೆ. ದುಕ್ಮ್‌ನಲ್ಲಿ ಯಾವುದೋ ಕಂಪೆನಿಯ ಕ್ಯಾಂಪ್ ಆಫೀಸು. ಎರಡು ವರ್ಷದ ಕಾಂಟ್ರಾಕ್ಟು. ನಾನು ಹೇಳಿದೆ, ಅಲ್ಲಿ ಮರಳು ಬಿಟ್ರೆ ಎಂತ ಇಲ್ಲ ಮಾರಾಯ ಅಂತ. ಅದೇ ಬೇಕು ಅಂದ. ವೀಸಾ ಕೊಡುವ ಕಫೀಲನ ಸಹಿಯೂ ಆಯ್ತು. ಇವತ್ತು ಸಂಜೆ ಬಸ್ಸು."

ಸೌಮ್ಯ ಸ್ಕ್ರೀನಿನ ಕಡೆ ತಿರುಗಿದಳು. ಲಿಸ್ಬನ್ನಿನ ತೋಟವೊಂದು ಕಲಸಿ ಹೋಗಿತ್ತು.

ನಾಲ್ಕು ಗಂಟೆಗೆ ಅನೂಪ್ ಬಂದ. ಆಫೀಸಿನ ಫೋನು, ಗುರುತಿನ ಚೀಟಿ ಒಪ್ಪಿಸಿದ. ಉಮ್ಮರ್ ಅಪ್ಪಿಕೊಂಡರು. ಹೊರಡುವಾಗ ಅವನು ಅವಳ ಟೇಬಲ್ಲಿನ ಮುಂದೆ ನಿಂತ.

"ರಸ್ತೆ ಆಚೆ ಬಸ್ ನಿಲ್ಲುತ್ತೆ. ಅಲ್ಲೀವರೆಗೂ ಬರ್ತೀಯಾ?"

ಅವಳು ಎದ್ದಳು.

ಕಂಪೆನಿಯ ಬಿಳಿ ಬಸ್ಸು ಆಗಲೇ ನಿಂತಿತ್ತು. ಜನ ಸೂಟ್‌ಕೇಸು ತುಂಬುತ್ತಿದ್ದರು. ಪೆಟೂನಿಯಾ ಮಡಿಗಳ ಪಕ್ಕದಲ್ಲಿ ಇಬ್ಬರೂ ನಿಂತರು.

"ನಾನು ಜಗಳಕ್ಕೆ ಬಂದಿಲ್ಲ," ಅಂದ ಅನೂಪ್. "ಬೇರೆ ಹುಡುಗ ಇದ್ರೆ ಇದ್ದಾನೆ ಅನ್ನು. ನಾನು ಇಷ್ಟ ಆಗ್ಲಿಲ್ಲ ಅಂದ್ರೆ ಅದನ್ನೇ ಹೇಳು. ಖಲಾಸ್ ಅಂತ ಒಂದು ಮಾತು ಹೇಳಿಬಿಡು, ಹೋಗ್ತೀನಿ. ಕಾರಣ ಇಲ್ಲದೆ ಸಾಯಿಸಬೇಡ, ಸೌಮ್ಯ."

ತುಟಿ ಕಚ್ಚಿದಳು. ಕಚ್ಚಿದಷ್ಟೂ ಒಳಗಿನದು ಉಕ್ಕಿ ಬಂತು.

"ನನ್ನಿಂದ ಆಗುವುದಿಲ್ಲ! ಅಣ್ಣ ಅಂತ ಕರೀಲಿಕ್ಕೆ ನನ್ನಿಂದ ಆಗುವುದೇ ಇಲ್ಲ!"

"ಅಣ್ಣನಾ? ಯಾರು ಕರೀ ಅಂದಿದ್ದು?"

"ನಮ್ಮದು ಒಂದೇ ಬರಿ! ನೀನೇ ಹೇಳಿದ್ದು ಚಿಕ್ಕಮ್ಮನ ಹತ್ರ. ಬಂಗೇರ ಅಂತ. ನಾನೂ ಬಂಗೇರ. ಒಂದೇ ತಾಯಿಯ ಮಕ್ಕಳು ನಾವು... ನಮಗೆ ಮದುವೆ ಇಲ್ಲ, ಅನೂಪ್."

"ಏನೇನೋ ಹೇಳ್ಬೇಡ. ನಿನ್ನ ಸರ್‌ನೇಮ್ ಸುವರ್ಣ ಅಲ್ವಾ?"

"ಅದು ಅಪ್ಪನದು. ಬರಿ ಬರುವುದು ಅಮ್ಮನಿಂದ!"

"ಅಮ್ಮನಿಂದನಾ?" ಅನೂಪನ ಮುಖ ಬಿಳಿಚಿತು. "ಬಂಗೇರ ಅನ್ನೋದು... ನಮ್ಮಪ್ಪಂದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅನೂಪ್ ಫೋನ್ ತೆಗೆದು ಕಾರ್ಕಳದ ಕೊಗ್ಗ ಮಾವನಿಗೆ, ತನ್ನ ಅಮ್ಮನ ಅಣ್ಣನಿಗೆ, ಕರೆ ಮಾಡಿ ಸ್ಪೀಕರಿಗೆ ಹಾಕಿದ.

"ಮಾವ, ನನ್ನ ಬರಿ ಯಾವುದು?"

"ಎಂತದು? ಜೋರಾಗಿ ಹೇಳು!"

"ಬರಿ, ಮಾವ! ಬರಿ!"

"ಅಯ್ಯೋ ನಿನ್ನ! ಮೀಸೆ ಬಂದು ಇಷ್ಟು ವರ್ಷ ಆದ ಮೇಲೆ ಕೇಳ್ತಿಯಲ್ಲ! ಕುಂದರ್ ಅಲ್ವಾ ಮಾರಾಯ ನೀನು. ನಿನ್ನ ಅಮ್ಮ ಕುಂದರ್, ನಾನು ಕುಂದರ್, ನೀನೂ ಕುಂದರ್."

"ಮತ್ತೆ ಬಂಗೇರ?"

"ಅದು ನಿನ್ನ ಅಪ್ಪನ ಬರಿ, ಪಾಸ್‌ಪೋರ್ಟಿಗೆ ಹಾಕಿದ್ದು. ಆ ಮನುಷ್ಯ ನಿನಗೆ ಇದನ್ನೂ ಹೇಳಿಕೊಡಲಿಲ್ಲವಾ? ಯಾಕೆ ಕೇಳಿದ್ದು, ಹುಡುಗಿ ನೋಡಿದ್ದೀಯಾ?"

ಅನೂಪ್ ಫೋನ್ ಇಳಿಸಿದ.

ಸೌಮ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ, ಅಳುವೋ... ಅವನೂ ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ. ಹೂವಿನ ಮಡಿಯ ಕಟ್ಟೆಯ ಮೇಲೆ ಕುಸಿದು ಕೂತ.

"ಒಂದು ಮಾತು ಕೇಳಬಹುದಿತ್ತಲ್ಲೇ... ನಾನು ಹುಚ್ಚನ ಹಾಗೆ ಪ್ರತಿ ಗಿಡದ ಹತ್ರ ನಿಂತು ನಿಂಗೋಸ್ಕರ ಮಾತಾಡ್ತಿದ್ದೆ. ನೀನು ನೋಟೆಡ್, ನೋಟೆಡ್ ಅಂತಿದ್ದೆ."

ಅವಳು ಪಕ್ಕದಲ್ಲಿ ಕೂತಳು. ಎಷ್ಟು ಅತ್ತರೂ ಆ ತಿಂಗಳುಗಳು ಮರಳಿ ಬರುವುದಿಲ್ಲ, ಅವನು ಸಹಿ ಹಾಕಿದ ಎರಡು ವರ್ಷಗಳೂ ಅಳಿಸುವುದಿಲ್ಲ.

"ಹೆದರಿದೆ, ಅನೂಪ್. ಕೇಳಿದ್ರೆ ಹೌದು ಅಂತೀಯೇನೋ ಅಂತ ಹೆದರಿದೆ. ಕ್ಷಮಿಸು ಅಂತ ಹೇಗೆ ಕೇಳಲಿ?"

ಅವನು ಕೈಯಲ್ಲಿದ್ದ ಫೋನನ್ನು ನೋಡಿದ. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಅಂದ.

"ಅಮ್ಮಂದು ಅಂತ ನನ್ನ ಹತ್ರ ಏನೂ ಇಲ್ಲ ಅಂದ್ಕೊಂಡಿದ್ದೆ. ಒಂದು ಫೋಟೋ ಬಿಟ್ರೆ ಏನೂ ಇಲ್ಲ. ಅಪ್ಪ ಅವಳ ಮಾತು ಎತ್ತಿದ್ರೆ ಎದ್ದು ಹೋಗ್ತಿದ್ರು. ಈಗ ನೋಡಿದ್ರೆ... ಹುಟ್ಟಿದಾಗಿಂದ ಅವಳದ್ದು ಒಂದು ನನ್ನ ಜೊತೇಲೇ ಇತ್ತು. ಯಾರೂ ನಂಗೆ ಹೇಳ್ಲೇ ಇಲ್ಲ."

ಸೌಮ್ಯ ಅವನ ಕೈ ಹಿಡಿದಳು. ಮೊದಲ ಸಲ.

"ಯಲ್ಲಾ, ಯಲ್ಲಾ!" ಡ್ರೈವರ್ ಹಾರ್ನ್ ಒತ್ತಿದ.

"ಹೋಗ್ಲೇಬೇಕು," ಅಂದ ಅನೂಪ್, ಏಳದೆ.

"ಹೋಗು. ಚಿಕ್ಕಮ್ಮನಿಗೆ ಇವತ್ತೇ ಹೇಳ್ತೇನೆ. ನೀನು ರಜೆಗೆ ಬರುವಾಗ ನಿನ್ನ ಮಾವನೂ ಮಾತಾಡಿ ಆಗಿರ್ತದೆ."

"ಕಾಯ್ತೀಯಾ?"

"ಇಷ್ಟು ದಿನ ಕಾಯದೇ ಇದ್ದದ್ದು ಯಾವಾಗ?"

ಅವನು ಎದ್ದ. ಬಸ್ಸಿನ ಮೆಟ್ಟಿಲ ಬಳಿ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಅನೂಪ್... ಅಮ್ಮನ ಹೆಸರೆಂತ?"

ಅವನು ತಗ್ಗಿದ ದನಿಯಲ್ಲಿ ಹೇಳಿದ. "ರತ್ನಪ್ರಭಾ."

"ಚಂದ ಉಂಟು."

"ಯಾರೂ ಕೇಳಿರ್ಲಿಲ್ಲ ಕಣೇ, ಇವತ್ತಿನವರೆಗೂ."

"ಮತ್ತೊಮ್ಮೆ ಹೇಳು."

"ರತ್ನಪ್ರಭಾ," ಅಂದ ಅವನು. ಈ ಸಲ ಗಂಟಲು ಬಿಟ್ಟು, ಬಸ್ಸಿನವರಿಗೆಲ್ಲ ಕೇಳಿಸುವಷ್ಟು ಜೋರಾಗಿ.