ಬೆರಳು ಮಾತು ಕೇಳದ ದಿನಗಳು

"ಇಲ್ಲಿ ಏನ್ಮಾಡ್ತಿದ್ದೀರಾ?"

ಕನ್ನಡಕದಂಗಡಿಯ ಸ್ಟೋರ್ ರೂಮಿನ ಬಾಗಿಲಿಂದ ಬಂದ ದನಿಗೆ ಅವಳು ಬೆಚ್ಚಿ ಎದ್ದಳು. ಎದ್ದಳು ಎನ್ನುವುದಕ್ಕಿಂತ, ಏಳಲು ಹೋದಳು... ಮಂಡಿಗಳು ಒಪ್ಪಲಿಲ್ಲ!

"ಫ್ರೇಮ್... ಫ್ರೇಮ್ ಹುಡುಕ್ತಿದ್ದೆ."

"ಕಣ್ಣು ಮುಚ್ಕೊಂಡಾ?"

ರಟ್ಟಿನ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದ್ದರ ಗುರುತು ಅವಳ ಕೆನ್ನೆಯಲ್ಲಿ ಗೆರೆಯಾಗಿ ಮೂಡಿತ್ತು. ಎದುರಿಗಿದ್ದವನು ಅಂದೇ ಕೆಲಸಕ್ಕೆ ಸೇರಿದ ಹೊಸ ಮ್ಯಾನೇಜರ್. ಈಗ ಬೈಗುಳ ಗ್ಯಾರಂಟಿ ಅಂದುಕೊಂಡಳು. ಅವನು ನಕ್ಕುಬಿಟ್ಟ. ಅವಳ ಎದೆ ಧಸಕ್ಕೆಂದಿತು... ಭಯಕ್ಕೋ, ಬೇರೆ ಯಾವುದಕ್ಕೋ, ಅವಳಿಗೇ ತಿಳಿಯಲಿಲ್ಲ.

ಅಂಗಡಿಯಲ್ಲಿ ಎಲ್ಲರೂ ಅವಳನ್ನು 'ಸೂಜಿ' ಎನ್ನುತ್ತಿದ್ದರು. ಸಾಸಿವೆಗಿಂತ ಚಿಕ್ಕ ಸ್ಕ್ರೂವನ್ನೂ ಒಂದೇ ಸಲಕ್ಕೆ ಕೂರಿಸುವ ಕೈ ಅವಳದು. ಆದರೆ ಆ ಕೈ ಈಗ ಅವಳ ಮಾತು ಕೇಳುತ್ತಿರಲಿಲ್ಲ. ಉರಿಯೂತದ ಸಂಧಿವಾತ ಎಂದಿದ್ದರು ವೈದ್ಯೆ. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು. ನೋವನ್ನಾದರೂ ಹಲ್ಲು ಕಚ್ಚಿ ತಡೆಯಬಹುದಿತ್ತು. ಈ ದಣಿವು...! ಎಷ್ಟು ನಿದ್ದೆ ಮಾಡಿದರೂ ಬಿಡದ, ಒದ್ದೆ ಕಂಬಳಿ ಹೊದಿಸಿದಂಥ ದಣಿವು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದಿದ್ದಳು ಅಮ್ಮ. "ಕೆಲಸಾನೂ ಹೋಗುತ್ತೆ. ಮದುವೆ ಮಾತಂತೂ ಎತ್ತೋ ಹಾಗೇ ಇಲ್ಲ."

ಅಂಗಡಿಯಲ್ಲಿ ಹೇಳುವಂತಿಲ್ಲ, ಮನೆಯಲ್ಲಿ ಅಳುವಂತಿಲ್ಲ. ಸ್ವಂತ ಮೈಯೇ ಹೊರಗಿಂದ ಚಿಲಕ ಹಾಕಿದ ಕೋಣೆಯಾಗಿತ್ತು.

ಹೀಗಿರುವಾಗ ಒಂದು ದಿನ ಅವನು ಗಾಜು ಒರೆಸುತ್ತಾ, ಮುಖ ನೋಡದೆ ಕೇಳಿದ. "ಸಂಜೆ ಹಾಗೇ ಒಂದು ಸುತ್ತು ನಡೆದು ಬರೋಣ್ವಾ?"

'ಒಪ್ಕೊಳ್ಳೇ!' ಎಂದಿತು ಮನಸ್ಸು. ಬಸ್ ಸ್ಟಾಪ್ ತಲುಪಿದರೇ ಹೆಚ್ಚು ಎಂದವು ಕಾಲುಗಳು.

"ಮನೇಲಿ ಕೆಲಸ ಇದೆ."

ಇನ್ನೊಮ್ಮೆ ಕೇಳಿದ. "ತಲೆನೋವು." ಮತ್ತೊಮ್ಮೆ. "ನೆಂಟರು ಬರ್ತಾರೆ."

"ನಿಮ್ಮ ನೆಂಟರಿಗೆ ಬೇರೆ ಮನೆಯೇ ಇಲ್ವಾ?"

ಅವಳು ನಗಲಿಲ್ಲ. ತನ್ನನ್ನು ಕಂಡರೆ ಇವಳಿಗಾಗದು ಎಂದುಕೊಂಡ ಅವನು ಆಮೇಲೆ ಕೇಳುವುದನ್ನೇ ಬಿಟ್ಟ. ಆಡುವ ಮಾತೆಲ್ಲ ಬರೀ ಕೆಲಸದ ಮಾತಾಯಿತು.

ಅಂಗಡಿ ತುಂಬಿದ್ದ ಒಂದು ಬೆಳಗ್ಗೆ ಅವಳ ಕೈಯಿಂದ ಲೆನ್ಸ್ ಜಾರಿ ನೆಲಕ್ಕೆ ಬಿತ್ತು. ಚೂರುಚೂರು! ಗಿರಾಕಿ ಕೂಗಾಡಿದರು. ಅವರನ್ನು ಸಮಾಧಾನ ಮಾಡಿ ಕಳಿಸಿದ ಮ್ಯಾನೇಜರ್ ಒಳಕೋಣೆಗೆ ಬಂದ.

"ನಿಮ್ಮ ಮನಸ್ಸು ಎಲ್ಲಿರುತ್ತೆ?"

"ಮನಸ್ಸು ಇಲ್ಲೇ ಇದೆ ಸಾರ್! ಕೈ... ಕೈ ಇಲ್ಲ!"

ಊದಿದ ಬೆರಳುಗಳನ್ನು ಮೇಜಿನ ಮೇಲಿಟ್ಟಳು. ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು. ರೋಗ, ದಣಿವು, ಇಲ್ಲದ ನೆಂಟರು... ಎಲ್ಲ.

ಅವನ ಮುಖ ಸಪ್ಪಗಾಯಿತು. "ಮೊದಲೇ ಹೇಳ್ಬಾರ್ದಿತ್ತಾ? ನೀವು ಮನೇಲಿರಿ. ಸದ್ಯಕ್ಕೆ ಬೇರೆ ಯಾರನ್ನಾದ್ರೂ..."

"ನೋಡಿದ್ರಾ? ಇದಕ್ಕೇ ಹೇಳ್ಲಿಲ್ಲ! ಮನೇಲಿ ಕೂತ್ರೆ ನಾನು ಬರೀ ರೋಗಿ ಸಾರ್. ಇಲ್ಲಾದ್ರೆ ನಂಗೊಂದು ಕೆಲಸ ಗೊತ್ತು."

ಅವನು ತಲೆ ತಗ್ಗಿಸಿದ.

"ತಪ್ಪಾಯ್ತು. ಏನು ಮಾಡಿದ್ರೆ ನಿಮಗೆ ಅನುಕೂಲ? ನೀವೇ ಹೇಳಿ."

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ!

"ಬೆಳಗ್ಗೆ ಕೈ ಬಿಗಿದಿರುತ್ತೆ. ಆಗ ಫೋನು, ಗಿರಾಕಿ ನೋಡ್ಕೋತೀನಿ. ಬಿಸಿಲೇರಿದ ಮೇಲೆ ಸ್ಕ್ರೂ ಕೆಲಸ. ನಡುನಡುವೆ ಸ್ವಲ್ಪ ವಿಶ್ರಾಂತಿ... ಕುಸಿದು ಬಿದ್ದ ಮೇಲಲ್ಲ, ಬೀಳೋಕೆ ಮುಂಚೆ. ಅದೂ ಕದ್ದುಮುಚ್ಚಿ ಅಲ್ಲ, ಎಲ್ಲರೆದುರು."

"ಮಾಲೀಕರ ಹತ್ರ ಇದನ್ನೇ ಹೇಳಿ. ನಾನು ಪಕ್ಕದಲ್ಲಿರ್ತೀನಿ."

ಮಾಲೀಕರು ಮೂಗು ಮುರಿದರು, ಗೊಣಗಿದರು, ಕೊನೆಗೆ "ಸರಿ, ನೋಡೋಣ" ಎಂದರು.

ರೋಗವೇನೂ ಹೋಗಲಿಲ್ಲ. ಒಂದು ಭಾನುವಾರ ಮೈ ಮತ್ತೆ ಹಾಸಿಗೆ ಹಿಡಿಯಿತು. ಮರುದಿನ ಕೆಲಸಕ್ಕೆ ಬರಲಾಗದೆಂಬ ಅವಳ ಸಂದೇಶ ಕಂಡು, ಆ ಮಧ್ಯಾಹ್ನ ಅವನು ಮನೆ ಬಾಗಿಲು ತಟ್ಟಿದ.

"ಅವಳಿಗೆ ಬರೀ ನೆಗಡಿ..." ಎಂದು ಅಮ್ಮ ಅಡ್ಡ ನಿಂತಳು.

"ನಂಗೆಲ್ಲಾ ಗೊತ್ತಮ್ಮಾ."

ಅಮ್ಮ ಅವನನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದಳು.

ಬಾಚದ ಕೂದಲು, ತೂತು ಬಿದ್ದ ಸ್ವೆಟರ್. 'ಅಯ್ಯೋ, ಈ ಅವತಾರದಲ್ಲಾ!' ಅವಳು ಗೋಡೆಯತ್ತ ತಿರುಗಿಕೊಂಡಳು.

"ಹೋಗಿ. ಮಾತಾಡೋಕೂ ಆಗ್ತಿಲ್ಲ ನಂಗೆ."

"ಮಾತು ನಾನಾಡ್ತೀನಿ. ನೀವು ಹೂಂ ಅಂದ್ರೆ ಸಾಕು."

"ಇಂಥ ದಿನಗಳು ಬರ್ತಾನೇ ಇರ್ತವೆ..."

"ಬರಲಿ. ನಾನೂ ಬರ್ತೀನಿ."

ಅವನು ಕುರ್ಚಿ ಎಳೆದುಕೊಂಡು ಕೂತ.

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಕೇಳಿಸ್ತಾ?"

"...ಹೂಂ."

"ನೀವು?"

ಅವಳು ನಿಧಾನವಾಗಿ ಇತ್ತ ಹೊರಳಿದಳು. ಕಣ್ಣಂಚು ಒದ್ದೆಯಾಗಿತ್ತು.

"ಹೂಂ!"

"ಇನ್ನೊಂದ್ಸಲ ಹೇಳ್ರೀ!"

"ನಾಳೆ..." ಎಂದಳು ಕಣ್ಣು ಮುಚ್ಚುತ್ತಾ, ತುಟಿಯಲ್ಲೇ ನಗುತ್ತಾ. "ಇವತ್ತಿಗೆ ಶಕ್ತಿ ಇಷ್ಟೇ."